ನಾನು ನಿಲ್ಲಿಸದೆ ಹೋದ ಸ್ಟಾಪು

ಹತ್ತೊಂಬತ್ತು ವರ್ಷ ನಾನು ಬಸ್ಸು ಓಡಿಸಿದ್ದು ಬಹುಮಟ್ಟಿಗೆ ಒಂದೇ ದಾರಿಯಲ್ಲಿ. ಮೂಡಲಗಿಯಿಂದ ಗೋಕಾಕ, ಗೋಕಾಕದಿಂದ ಹುಕ್ಕೇರಿ, ಮತ್ತೆ ಹಿಂದಕ್ಕೆ. ಯಾವ ತಿರುವಿನಲ್ಲಿ ಎಮ್ಮೆಗಳು ಅಡ್ಡ ಬರುತ್ತವೆ, ಯಾವ ಊರಿನ ಮುದುಕರು ಕೈ ಮಾಡದೆ ಸುಮ್ಮನೆ ನಿಂತು ಬಸ್ಸು ತಾನಾಗಿಯೇ ನಿಲ್ಲಲಿ ಎಂದು ಕಾಯುತ್ತಾರೆ, ಎಲ್ಲ ಗೊತ್ತಿತ್ತು. ಗೊತ್ತಿತ್ತು ಎಂದೇ ತಿಳಿದುಕೊಂಡಿದ್ದೆ.

ವರ್ಷಕ್ಕೊಮ್ಮೆ ನಮಗೆ ಕಣ್ಣಿನ ತಪಾಸಣೆ ಇರುತ್ತದೆ. ಗೋಡೆಯ ಮೇಲಿನ ಅಕ್ಷರಗಳನ್ನು ನಾನು ಯಾವಾಗಲೂ ಕೊನೆಯ ಸಾಲಿನವರೆಗೆ ಗಡಗಡ ಓದಿಬಿಡುತ್ತಿದ್ದೆ. ಈ ಸಲ ಬಂದಿದ್ದ ಹೊಸ ಡಾಕ್ಟರಮ್ಮ ಅಕ್ಷರ ಓದಿಸಿ ಬಿಡಲಿಲ್ಲ. ನನ್ನ ಬಲಗಣ್ಣು ಮುಚ್ಚಿಸಿ ಎದುರಿಗೆ ಕೂತು, “ನನ್ನ ಮೂಗು ನೋಡ್ರಿ, ಆಕಡೆ ಈಕಡೆ ನೋಡಬ್ಯಾಡ್ರಿ. ಬಾಜೂಕ ಬೆರಳು ತರತೇನಿ, ಕಂಡ ಕೂಡಲೆ ಹೇಳ್ರಿ” ಎಂದರು. ನಾನು ಮೂಗು ನೋಡುತ್ತ ಕೂತೆ. ಸ್ವಲ್ಪ ಹೊತ್ತಾದ ಮೇಲೆ ಕೇಳಿದೆ, “ಯಾವಾಗ ತೋರಸ್ತೀರಿ?”

ಅವರು ಕೈ ಇಳಿಸಿದರು. ಬೆರಳು ಆಗಲೇ ಅಲ್ಲಿತ್ತು.

ಆಮೇಲೆ ಬೆಳಗಾವಿಯಲ್ಲಿ ದೊಡ್ಡ ಮಷಿನ್ನಿನ ಮುಂದೆ ಗದ್ದ ಇಟ್ಟು ಕೂತಿದ್ದಾಯಿತು. ಎಡಗಣ್ಣಿನೊಳಗಿನ ಒತ್ತಡ ಹೆಚ್ಚಾಗಿ ಅಂಚಿನ ನೋಟ ಹೋಗಿದೆ, ನೋವಿಲ್ಲದೆ ನಿಧಾನವಾಗಿ ಹೋಗಿದ್ದರಿಂದ ನಿಮಗೆ ತಿಳಿದಿಲ್ಲ, ಹೋದದ್ದು ಮರಳಿ ಬರುವುದಿಲ್ಲ, ಇದ್ದದ್ದನ್ನು ಉಳಿಸಿಕೊಳ್ಳಲು ದಿನಕ್ಕೆರಡು ಸಲ ಹನಿ ಹಾಕಿಕೊಳ್ಳಬೇಕು ಎಂದರು. ಬಲಗಣ್ಣು ಚೆನ್ನಾಗಿತ್ತು. ಆದರೆ ಬಸ್ಸಿನ ಸ್ಟೇರಿಂಗ್ ಹಿಡಿಯಲು ಒಂದು ಕಣ್ಣು ಸಾಲದು. ನನ್ನನ್ನು ನಮ್ಮ ಗೋಕಾಕ ಡಿಪೋದ ಗೇಟಿಗೆ ಹಾಕಿದರು. ಬಸ್ಸು ಹೊರಟ ಹೊತ್ತು, ಬಂದ ಹೊತ್ತು ಬರೆದುಕೊಳ್ಳುವ ಕೆಲಸ. ಪಗಾರ ಅಷ್ಟೇ ಇತ್ತು. ಎಲ್ಲರೂ ನೀನು ಪುಣ್ಯವಂತ ಎಂದರು.

ಪುಣ್ಯವಂತನಿಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಗೇಟಿನ ಕುರ್ಚಿಯಲ್ಲಿ ಕೂತರೆ ಎಡಗಾಲು ತಾನಾಗಿಯೇ ಕ್ಲಚ್ ಒತ್ತುತ್ತಿತ್ತು. ಮನೆಯಲ್ಲಿ ಊಟದ ನಡುವೆ ಎದ್ದು ಬಾಗಿಲಿಗೆ ಹೋಗಿ ಬರುತ್ತಿದ್ದೆ. ಯಾರಾದರೂ “ಯಾಕ ಬಸ್ ಬಿಟ್ರಿ?” ಎಂದು ಕೇಳಿದರೆ “ಬೆನ್ನುನೋವು” ಎನ್ನುತ್ತಿದ್ದೆ. ಬೆನ್ನುನೋವು ಡ್ರೈವರನಿಗೆ ಶೋಭಿಸುವ ರೋಗ. ಕಣ್ಣು ಹೋಯಿತು ಎನ್ನುವುದು ನಾಲಿಗೆಗೆ ಬರುತ್ತಿರಲಿಲ್ಲ.

ಹೀಗೆ ನಾಲ್ಕು ತಿಂಗಳಾಗಿತ್ತು. ಆಷಾಢ ಶುರುವಾಗಿತ್ತು. ಗುರುವಾರ ನನಗೆ ವಾರದ ರಜೆ. ಬೆಳಿಗ್ಗೆಯಿಂದ ಗಾಳಿ ಬಾಗಿಲು ಬಡಿಯುತ್ತಿತ್ತು, ನಾನು ಅಂಗಳಕ್ಕೂ ಅಡಿಗೆಮನೆಗೂ ತಿರುಗುತ್ತಿದ್ದೆ. ಹೆಂಡತಿ ಅವಲಕ್ಕಿ ಕಲೆಸುತ್ತಿದ್ದವಳು ಕೈ ನಿಲ್ಲಿಸಿದಳು.

“ಹಿಂಗ ತಿರಗ್ಯಾಡಿದ್ರ ನೆಲಾ ಸವೀತೈತಿ. ಎಲ್ಲೆರ ಹೋಗಿ ಬರ್ರಿ.”

“ಎಲ್ಲಿಗೆ ಹೋಗಲಿ?”

“ಎಲ್ಲಿಗೂ ಬ್ಯಾಡ. ಸುಮ್ನ ಹೋಗಿ ಬರ್ರಿ. ಸೈಕಲ್ ಐತೆಲ್ಲ.”

ಸೈಕಲ್ಲು ಇತ್ತು. ನಸುಕಿನ ಗಾಡಿ ಹಿಡಿಯಲು ಮನೆಯಿಂದ ಡಿಪೋಕ್ಕೆ ಹೋಗುತ್ತಿದ್ದದ್ದು ಅದರ ಮೇಲೆಯೇ. ಇಷ್ಟು ವರ್ಷದಲ್ಲಿ ಅದು ಡಿಪೋ ದಾಟಿ ಹೋಗಿರಲಿಲ್ಲ. ಟೈರಿಗೆ ಗಾಳಿ ಹೊಡೆದು, ತಲೆಗೆ ಟವೆಲ್ ಸುತ್ತಿಕೊಂಡು ಎಂಟರ ಸುಮಾರಿಗೆ ಹೊರಟೆ. ಡಿಪೋ ಮುಂದೆ ಬಂದಾಗ ಮುಖ ಆಚೆ ತಿರುಗಿಸಿ ದಾಟಿಬಿಟ್ಟೆ. ಮುಂದೆ ಯಾವ ಕಡೆ ಎಂದು ಯೋಚನೆ ಮಾಡಿದ ನೆನಪಿಲ್ಲ. ಹ್ಯಾಂಡಲು ಹುಕ್ಕೇರಿ ದಾರಿಗೆ ತಿರುಗಿತು.

ಆಷಾಢದ ಗಾಳಿ ನಮ್ಮ ಕಡೆ ಪಡುವಣದಿಂದ ಬರುತ್ತದೆ. ಹುಕ್ಕೇರಿ ಇರುವುದೂ ಪಡುವಣಕ್ಕೆ. ಬಸ್ಸಿನಲ್ಲಿ ಇದ್ದಾಗ ಗಾಳಿ ಅಂದರೆ ಸ್ಟೇರಿಂಗ್ ಸ್ವಲ್ಪ ಎಳೆಯುವುದು, ಕಿಟಕಿಯ ಗಾಜು ಗಲಗಲ ಅನ್ನುವುದು, ಅಷ್ಟೇ. ಸೈಕಲ್ಲಿನ ಮೇಲೆ ಅದು ಎದೆಗೆ ಕೈ ಕೊಟ್ಟು ಹಿಂದಕ್ಕೆ ನೂಕುತ್ತಿತ್ತು. ಗೋಕಾಕ ಫಾಲ್ಸಿನ ಏರಿನಲ್ಲಿ ಅರ್ಧಕ್ಕೇ ಇಳಿದು ತಳ್ಳಿದೆ. ಇದೇ ಏರಿನಲ್ಲಿ ಎರಡನೇ ಗೇರಿಗೆ ಹಾಕಿ ಒಂದು ಕೈಯಿಂದ ತಿರುವು ಹೊಡೆಯುತ್ತಿದ್ದವನು ಈಗ ಏದುಸಿರು ಬಿಡುತ್ತ ರಸ್ತೆಯ ಅಂಚಿಗೆ ನಿಂತಿದ್ದೆ. ಕೆಳಗೆ ಹೊಳೆಗೆ ಹೊಸ ನೀರು ಬಂದಿತ್ತು, ಕೆಂಪಗೆ. ನೋಡುತ್ತ ನಿಲ್ಲಬಹುದಿತ್ತು. ನಾನು ಕೈಗಡಿಯಾರ ನೋಡಿದೆ. ಎಂಟೂವರೆ. ಎಂಟಕ್ಕೆ ಹೊರಟ ಬಸ್ಸಾಗಿದ್ದರೆ ಈ ಹೊತ್ತಿಗೆ ಕೊಣ್ಣೂರು ಬಿಟ್ಟಿರಬೇಕಿತ್ತು.

ಸುಮ್ಮನೆ ಹೋಗುವುದು ನನಗೆ ಬರುತ್ತಿರಲಿಲ್ಲ. ಕೊಣ್ಣೂರಿನಲ್ಲಿ ಗಡಿಯಾರ ಬಿಚ್ಚಿ ಜೇಬಿಗೆ ಹಾಕಿದೆ. ಅದರಿಂದ ಏನೂ ಉಪಯೋಗವಾಗಲಿಲ್ಲ. ಹೊತ್ತು ನನ್ನೊಳಗೇ ಬಡಿದುಕೊಳ್ಳುತ್ತಿತ್ತು. ಘಟಪ್ರಭಾದಲ್ಲಿ ರೈಲ್ವೆ ಸ್ಟೇಷನ್ನಿನ ಹತ್ತಿರ ಚಹಾ ಕುಡಿದೆ. ಅಂಗಡಿಯ ಮುಂದಿನ ಪ್ಲಾಸ್ಟಿಕ್ ಚಪ್ಪರ ಗಾಳಿಗೆ ಉಬ್ಬಿ ಉಬ್ಬಿ ಇಳಿಯುತ್ತಿತ್ತು. ಅಂಗಡಿಯವನು ಒಂದು ಕೈಯಲ್ಲಿ ಅದರ ಹಗ್ಗ, ಇನ್ನೊಂದರಲ್ಲಿ ಕೆಟಲಿ ಹಿಡಿದುಕೊಂಡಿದ್ದ. ಇನ್ನೊಂದು ಚಹಾ ಕುಡಿಯುವ ಆಸೆ ಇತ್ತು. ಆದರೆ ಯಾರೋ ಹಿಂದಿನಿಂದ ಹಾರ್ನ್ ಹೊಡೆಯುತ್ತಿದ್ದಾರೆ ಎಂಬಂತೆ ಎದ್ದುಬಿಟ್ಟೆ.

ಹಾರ್ನು ನಿಜವಾಗಿಯೂ ಬಂದದ್ದು ಊರು ದಾಟಿ ಎರಡು ಮೈಲಿ ಹೋದ ಮೇಲೆ. ನೋಡದೆಯೇ ಗೊತ್ತಾಯಿತು, ನನ್ನ ಗಾಡಿ. ನಾನು ಎಡಕ್ಕೆ ಮಣ್ಣಿನ ಮೇಲೆ ಇಳಿದೆ. ಬಸ್ಸು ದಾಟಿತು, ಅದರ ಗಾಳಿ ಪಡುವಣದ ಗಾಳಿಯ ಜೊತೆ ಸೇರಿ ಸೈಕಲ್ಲನ್ನು ಒಮ್ಮೆ ಅಲುಗಾಡಿಸಿತು. ಐವತ್ತು ಮಾರು ಮುಂದೆ ಹೋಗಿ ಬಸ್ಸು ನಿಂತಿತು. ಬಾಗಿಲಿನಿಂದ ಕಂಡಕ್ಟರ್ ಜೋತಾಡುತ್ತಿದ್ದ. ಆರು ವರ್ಷ ನನ್ನ ಜೊತೆ ಕೆಲಸ ಮಾಡಿದವನು, ನನಗಿಂತ ಬಹಳ ಚಿಕ್ಕವನು.

“ಕಾಕಾ, ಈ ಗಾಳ್ಯಾಗ ಎಲ್ಲಿಗೆ ಹೊಂಟೀರಿ?”

“ಸುಮ್ನ.”

“ಸುಮ್ನ ಅಂದ್ರ? ಹತ್ರಿ, ಸೈಕಲ್ ಹಿಂದಿನ ಸೀಟಿನ ಬಾಜೂ ಮಲಗಿಸೂಣು.”

“ಬ್ಯಾಡಪಾ. ನಿನಗ ಟೈಮ್ ಆಗತೈತಿ, ಹೋಗು.”

ಕಿಟಕಿಗಳಲ್ಲಿ ಮುಖಗಳಿದ್ದವು, ಎಷ್ಟೋ ಪರಿಚಯದವು. ಒಬ್ಬರು ನಗುತ್ತ ಕೈ ಮಾಡಿದರು. ನನ್ನ ಸೀಟಿನಲ್ಲಿದ್ದ ಹೊಸ ಡ್ರೈವರ್ ಹೊರಗಿನ ಕನ್ನಡಿಯಲ್ಲಿ ನನ್ನ ಕಡೆ ನೋಡಿ ತಲೆಬಾಗಿಸಿದ. ಒಳ್ಳೆಯ ಹುಡುಗ. ಆದರೂ ಬಸ್ಸು ಹೊರಟಾಗ ನಾನು ಕಿವಿಗೊಟ್ಟು ಕೇಳಿದೆ. ಮೂರನೇ ಗೇರು ತಡವಾಗಿ ಹಾಕಿದ. ಅದು ನನಗೆ ಸಮಾಧಾನ ಕೊಟ್ಟಿತು, ಮತ್ತು ಆ ಸಮಾಧಾನಕ್ಕೆ ನಾಚಿಕೆಯಾಯಿತು.

ಅಲ್ಲಿಂದ ಮುಂದೆ ಎರಡೂ ಬದಿಗೆ ಕಬ್ಬು. ಗಾಳಿಗೆ ಗರಿಗಳೆಲ್ಲ ಒಂದೇ ಕಡೆ ಒರಗಿ ಸುಯ್ಯೆನ್ನುತ್ತಿದ್ದವು. ಮೋಡದ ನೆರಳು ಹೊಲದಿಂದ ಹೊಲಕ್ಕೆ ಓಡುತ್ತಿತ್ತು, ಮಳೆ ಮಾತ್ರ ಇಲ್ಲ. ಧೂಳಿನಿಂದ ಎಡಗಣ್ಣು ನೀರೂರುತ್ತಿತ್ತು. ಬೆಳಗಿನ ಹನಿ ಹಾಕಿಕೊಂಡಿಲ್ಲ ಎಂದು ಆಗ ನೆನಪಾಯಿತು. ಅಲ್ಲಿಂದ ತಿರುಗಿಬಿಡೋಣ ಎಂದುಕೊಂಡೆ. ತಿರುಗಿದ್ದರೆ ಗಾಳಿಯೇ ಮನೆಗೆ ಮುಟ್ಟಿಸುತ್ತಿತ್ತು. ಮನೆಯಲ್ಲಿ ಮತ್ತೆ ಅಂಗಳ, ಮತ್ತೆ ಅಡಿಗೆಮನೆ. ಪೆಡಲ್ ತುಳಿದೆ.

ಸ್ವಲ್ಪ ದೂರದಲ್ಲಿ ರಸ್ತೆಬದಿಗೆ ಒಂದು ಬೇವಿನ ಗಿಡ ಇದೆ. ಅದರ ಕೆಳಗೆ ಹೆಣ್ಣುಮಗಳೊಬ್ಬಳು ನಿಂತಿದ್ದಳು. ಒಂದು ಕೈಯಲ್ಲಿ ಸೆರಗು ಒತ್ತಿ ಹಿಡಿದಿದ್ದಳು, ಇನ್ನೊಂದು ಕೈಯಲ್ಲಿ ಹಸಿರು ಚೀಲದಲ್ಲಿ ಬುತ್ತಿ ಡಬ್ಬಿ. ಮುಖ ನೋಡುವ ಮೊದಲು ನಾನು ಆ ಡಬ್ಬಿಯನ್ನು ಗುರುತು ಹಿಡಿದೆ. ಮೂರು ವರ್ಷ ಅದನ್ನು ನಾನೇ ಒಯ್ದಿದ್ದೆ. ಆಕೆಯ ಮಗಳು ಹುಕ್ಕೇರಿಯಲ್ಲಿ ಕಲಿಯುತ್ತಿದ್ದಾಗ ತಾಯಿ ಇಲ್ಲಿ ನಿಂತು ಡಬ್ಬಿ ಎತ್ತಿ ತೋರಿಸುತ್ತಿದ್ದಳು. ನಾನು ಬಸ್ಸು ನಿಧಾನ ಮಾಡುತ್ತಿದ್ದೆ, ಕಂಡಕ್ಟರ್ ಬಾಗಿಲಿನಿಂದ ಇಸಿದುಕೊಂಡು ನನ್ನ ಎಡಬದಿಯ ಬಾನೆಟ್ಟಿನ ಮೇಲೆ ಇಡುತ್ತಿದ್ದ. ಹುಕ್ಕೇರಿ ಸ್ಟ್ಯಾಂಡಿನಲ್ಲಿ ಮಗಳು ಬಂದು ಒಯ್ಯುತ್ತಿದ್ದಳು. ಇದಕ್ಕೆ ಟಿಕೆಟ್ಟಿಲ್ಲ, ಚೀಟಿಯಿಲ್ಲ. ನಮ್ಮ ಕಡೆ ಎಷ್ಟೋ ಬುತ್ತಿಗಳು ಹೀಗೇ ಹೋಗುತ್ತವೆ.

ನಾನು ಸೈಕಲ್ ನಿಲ್ಲಿಸಿದೆ. “ಬಸ್ ಹೋತಲ್ಲ ತಂಗೆವ್ವಾ.”

ಆಕೆ ನನ್ನನ್ನು ಯಾರೋ ದಾರಿಹೋಕ ಎಂದುಕೊಂಡಳು. “ಹೋತರಿ. ಬಣಿವಿ ಮ್ಯಾಲಿನ ತಾಡಪತ್ರಿ ಗಾಳಿಗೆ ಹಾರಿತು, ಅದನ್ನ ಹಿಡಿಯೂದರಾಗ ತಪ್ಪಿತು. ಇನ್ನ ಎರಡಕ್ಕ ಬರತೈತಿ.”

“ಮಗಳು ಇನ್ನೂ ಹುಕ್ಕೇರ್ಯಾಗ ಅದಾಳೇನು?”

ಆಗ ಆಕೆ ನನ್ನ ಮುಖವನ್ನು ಸರಿಯಾಗಿ ನೋಡಿದಳು. ಖಾಕಿ ಇಲ್ಲ, ತಲೆಗೆ ಟವೆಲು, ಮೈಯೆಲ್ಲ ಧೂಳು. ಧ್ವನಿಯಿಂದ ಗುರುತು ಹಿಡಿದಳು ಎಂದು ಕಾಣುತ್ತದೆ.

“ಡ್ರೈವರ್ ಅಣ್ಣಾರ ಏನ್ರಿ?” ಎಂದಳು. ಹೇಳಿದ ಮೇಲೆ ಅವಳ ಮುಖ ಸ್ವಲ್ಪ ಬಿಗಿಯಾಯಿತು. ಬೇರೆ ಕಡೆ ನೋಡಿದಳು.

“ಹೌದವಾ. ಏನಾತು?”

“ಏನಿಲ್ಲರಿ.”

“ಏನೋ ಐತಿ.”

ಆಕೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಹೇಳಿದಳು. “ಖರೆ ಹೇಳತೇನಿ, ತಪ್ಪ ತಿಳ್ಕೋಬ್ಯಾಡ್ರಿ. ಕಡೀಕ ಕಡೀಕ ನೀವು ನನ್ನ ಮ್ಯಾಲ ಸಿಟ್ಟ ಆಗಿದ್ರಿ. ನಾ ಇಲ್ಲೇ ನಿಂತಿರತಿದ್ನಿ, ಡಬ್ಬಿ ಎತ್ತತಿದ್ನಿ, ನೀವು ನೆಟ್ಟಗ ನೋಡಕೋಂತ ಹೋಗಿಬಿಡತಿದ್ರಿ. ಒಂದ ಸಲ ಅಲ್ಲ. ನಾಕೈದ ಸಲ. ಕಂಡಕ್ಟರ್ ಕೂಗಿದ ದಿನಾ ಅಷ್ಟ ನಿಂದ್ರಸತಿದ್ರಿ. ಒಂದಿನ ಮಳ್ಯಾಗ ಬಸ್ಸಿನ ಹಿಂದ ಓಡಿದ್ನಿ. ಆವತ್ತ ನಮ್ಮ ಹುಡಗಿ ಉಪಾಸ ಇದ್ಲು, ಆಕಿಗೆ ಪರೀಕ್ಷಾ ಇತ್ತು. ದಿನಾ ಪುಕ್ಕಟೆ ಒಯ್ಯಾಕ ಇವರಿಗೆ ಬ್ಯಾಸರ ಆಗೈತಿ ಅಂತ ನಾ ಮನ್ಯಾಗ ಅಂದ್ನಿ. ಊರಾಗೂ ಅಂದೇನಿ, ಸುಳ್ಳ ಯಾಕ ಹೇಳಲಿ.”

ನನಗೆ ಒಂದು ದಿನವೂ ನೆನಪಿರಲಿಲ್ಲ. ನೆನಪಿರುವುದು ಹೇಗೆ, ನಾನು ನೋಡಿಯೇ ಇರಲಿಲ್ಲ. ಡಬ್ಬಿ ಕಾಣದ ದಿನಗಳಲ್ಲಿ ಆಕೆ ಇವತ್ತು ಬಂದಿಲ್ಲ, ಮಗಳು ಊರಿಗೆ ಬಂದಿರಬೇಕು ಎಂದುಕೊಂಡು ಗಾಡಿ ಓಡಿಸಿದ್ದೆ. ಬೇವಿನ ಗಿಡ ರಸ್ತೆಯ ಎಡಕ್ಕಿತ್ತು. ಬಸ್ ಹತ್ತುವವರೆಲ್ಲ ನಿಲ್ಲುವುದು ಎಡಕ್ಕೇ.

ಬೆನ್ನುನೋವಿನ ಮಾತು ನಾಲಿಗೆಯ ತುದಿಗೇ ಇತ್ತು. ಅದನ್ನು ಹೇಳಿ ಮುಂದೆ ಹೋಗಬಹುದಿತ್ತು.

“ಸಿಟ್ಟಲ್ಲ ತಂಗೆವ್ವಾ,” ಎಂದೆ. “ಕಾಣಲಿಲ್ಲ. ನನ್ನ ಎಡಗಣ್ಣ ಹೋಗೈತಿ. ಬಾಜೂಕ ನಿಂತವರು ಕಾಣಂಗಿಲ್ಲ. ನನಗ ಗೊತ್ತ ಇರಲಿಲ್ಲ. ಅದಕ್ಕ ಬಸ್ ಬಿಡಿಸ್ಯಾರ.”

ಡಿಪೋ ಮತ್ತು ಮನೆಯವರನ್ನು ಬಿಟ್ಟು ಬೇರೆಯವರ ಮುಂದೆ ಈ ಮಾತು ಹೇಳಿದ್ದು ಅದೇ ಮೊದಲು. ಗಾಳಿ ಎಷ್ಟಿತ್ತೆಂದರೆ ಆಕೆಗೆ ಕೇಳಿಸಿತೋ ಇಲ್ಲವೋ ಎಂದು ಅನುಮಾನವಾಯಿತು. ಆಕೆ ಸೈಕಲ್ಲಿನ ಮುಂದಿನಿಂದ ಸುತ್ತಿ ಬಂದು ನನ್ನ ಬಲಗಡೆಗೆ ನಿಂತಳು.

“ಈಗ ಕಾಣತೇನ್ರಿ?”

“ಆಗೂ ಕಾಣತಿದ್ದಿ. ಎದುರಿಗಿದ್ರ ಕಾಣತೈತಿ.”

“ಇರಲಿ, ಇಲ್ಲೇ ನಿಂದ್ರತೇನಿ,” ಎಂದಳು. ಡಬ್ಬಿಯನ್ನು ಆ ಕೈಯಿಂದ ಈ ಕೈಗೆ ಬದಲಿಸಿ, “ನಾ ಎಷ್ಟೋ ಮಂದಿ ಮುಂದ ನಿಮ್ಮನ್ನ ಬೈದೇನ್ರಿ,” ಎಂದಳು.

“ಬೈಯೂದ ಬರೋಬ್ಬರಿ. ನಿನ್ನ ಜಾಗಾದಾಗ ನಾ ಇದ್ರೂ ಬೈತಿದ್ನಿ.”

ಡಬ್ಬಿ ಕೊಡು, ನಾನು ಒಯ್ಯುತ್ತೇನೆ ಎಂದೆ. ಆಕೆ ಬೇಡ ಎಂದಳು, ಈ ಗಾಳಿಯಲ್ಲಿ, ಈ ವಯಸ್ಸಿನಲ್ಲಿ ಎಂದಳು. ಎರಡು ಗಂಟೆಯ ಬಸ್ಸಿಗೆ ಕೊಡುವ ಊಟ ಯಾವ ಹೊತ್ತಿಗೆ ಉಣ್ಣುವುದು ಎಂದು ನಾನು ಹಟ ಮಾಡಿದೆ. ಮಗಳು ಈಗ ಹುಕ್ಕೇರಿ ಸ್ಟ್ಯಾಂಡಿನ ಹತ್ತಿರ ಒಂದು ಔಷಧದ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ ಎಂದು ಹೇಳಿ, ಆಕೆಯೇ ಡಬ್ಬಿಯನ್ನು ಕ್ಯಾರಿಯರಿಗೆ ಹಗ್ಗದಿಂದ ಬಿಗಿದಳು. ಸಂಜೆ ಖಾಲಿ ಡಬ್ಬಿ ಬಸ್ಸಿಗೆ ಬರುತ್ತದೆ, ಚಿಂತೆ ಬೇಡ ಎಂದಳು.

ಮುಂದಿನ ದಾರಿ ಹೇಗೆ ಕಳೆಯಿತು ಎಂದರೆ, ತುಳಿದೆ, ಇಳಿದು ತಳ್ಳಿದೆ, ಮತ್ತೆ ಹತ್ತಿ ತುಳಿದೆ. ಬೆಳಿಗ್ಗೆ ಕಾರಣವಿಲ್ಲದ ಅವಸರ ಇತ್ತು, ಈಗ ಕಾರಣ ಸಿಕ್ಕಿತ್ತು. ಆದರೆ ಕಾಲಿಗೆ ಬಲ ಬಂದಷ್ಟೂ ತಲೆಯೊಳಗಿನ ಗದ್ದಲ ಹೆಚ್ಚಾಯಿತು. ಡಬ್ಬಿ ಎತ್ತಿದ ಹೆಣ್ಣುಮಗಳು ಕಾಣದಿದ್ದರೆ ಇನ್ನು ಏನೇನು ಕಂಡಿಲ್ಲ? ಎಡಕ್ಕೆ ಸೈಕಲ್ಲುಗಳು ಇದ್ದವು, ಶಾಲೆಯಿಂದ ಬರುವ ಮಕ್ಕಳಿದ್ದರು, ಕಬ್ಬಿನ ಗಾಡಿ ಎಳೆಯುವ ಎತ್ತುಗಳಿದ್ದವು. ಹತ್ತೊಂಬತ್ತು ವರ್ಷ ಅಪಘಾತವಿಲ್ಲದೆ ಓಡಿಸಿದೆ ಎಂದು ಜಂಬ ಇತ್ತು. ಈಗ ಅದು ನನ್ನ ಕೈಚಳಕವೋ ಅವರೆಲ್ಲ ತಾವೇ ಸರಿದು ಉಳಿದದ್ದೋ ಎಂದು ತಿಳಿಯಲಿಲ್ಲ. ಒಂದು ಮೋಟರ್‌ಸೈಕಲ್ಲು ನನ್ನ ಎಡಗಡೆಯಿಂದ ನುಗ್ಗಿ ಮುಂದೆ ಹೋದಾಗ ಗಕ್ಕನೆ ಬ್ರೇಕು ಹಿಡಿದೆ. ಅದು ಬರುವುದು ಕಂಡಿರಲಿಲ್ಲ, ಗಾಳಿಯಲ್ಲಿ ಕೇಳಿಸಿಯೂ ಇರಲಿಲ್ಲ. ಅಲ್ಲಿಂದ ಪ್ರತಿ ನೂರು ಮಾರಿಗೆ ಕತ್ತು ಎಡಕ್ಕೆ ಹೊರಳಿಸಿ ನೋಡುತ್ತ ಹೋದೆ.

ಹುಕ್ಕೇರಿ ಮುಟ್ಟಿದಾಗ ಒಂದೂವರೆ. ಅಂಗಡಿಯಲ್ಲಿ ಆ ಹುಡುಗಿ ಬಿಳಿ ಕೋಟು ಹಾಕಿಕೊಂಡು ಯಾರಿಗೋ ಮಾತ್ರೆ ಕೊಡುತ್ತಿದ್ದಳು. ಡಬ್ಬಿ ನೋಡಿ, ನನ್ನನ್ನು ನೋಡಿ, ಗಾಬರಿಯಾದಳು.

“ಅವ್ವಗ ಏನರ ಆತೇನ್ರಿ ಕಾಕಾ?”

ಏನೂ ಆಗಿಲ್ಲ, ಬಸ್ಸು ತಪ್ಪಿತು ಅಷ್ಟೇ ಎಂದು ಹೇಳಿದೆ. ಅವಳು ಆಗಲೇ ಜೊತೆಯವರ ಡಬ್ಬಿಯಲ್ಲಿ ಊಟ ಮುಗಿಸಿದ್ದಳು. ಬಸ್ಸಿನಲ್ಲಿ ಬುತ್ತಿ ಬರದ ದಿನ ಹಾಗೇ ಮಾಡುತ್ತಾಳಂತೆ. ಇಷ್ಟು ತುಳಿದು ತಂದದ್ದು ಯಾರಿಗೂ ಬೇಕಾಗಿರಲಿಲ್ಲ. ನಾನು ನಕ್ಕೆ, ಅವಳೂ ನಕ್ಕಳು. ಆಮೇಲೆ ಅಂಗಡಿಯ ಹಿಂದಿನ ಸ್ಟೂಲಿನ ಮೇಲೆ ನನ್ನನ್ನು ಕೂರಿಸಿ ಡಬ್ಬಿ ನನ್ನ ಮುಂದೆ ಬಿಚ್ಚಿದಳು. ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಒಂದು ಈರುಳ್ಳಿ. ಮೂರು ವರ್ಷ ಒಯ್ದರೂ ಅದರಲ್ಲಿ ಏನಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

“ಕಣ್ಣ ಯಾಕ ಇಷ್ಟ ಕೆಂಪಗಾಗೈತಿ?” ಎಂದು ಕೇಳಿದಳು. ಎರಡನೇ ಸಲ ಹೇಳುವಾಗ ಮಾತು ಅಷ್ಟು ಕಷ್ಟವಾಗಲಿಲ್ಲ. ಹನಿಯ ಹೆಸರು ಕೇಳಿದಳು, ಹೇಳಿದೆ. ಬೆಳಿಗ್ಗೆ ಹಾಕಿಕೊಂಡಿದ್ದೀರಾ ಎಂದಳು. ಇಲ್ಲ ಎಂದೆ.

“ಕಾಕಾ, ನೀವು ಬಸ್ ಐದ ಮಿನಿಟ್ ತಡಾ ಆದ್ರ ಕಂಡಕ್ಟರಿಗೆ ಬೈತಿದ್ರಿ. ಈ ಹನಿಗೂ ಟೈಮ್ ಐತ್ರಿ. ತಪ್ಪಿಸಿದ್ರ ಇರೂ ನೋಟಾನೂ ಹೋಗತೈತಿ.” ಹೊಸ ಬಾಟಲಿಯ ಸೀಲು ಒಡೆದು, ತಲೆ ಹಿಂದಕ್ಕೆ ಒರಗಿಸಲು ಹೇಳಿ, ತಾನೇ ಹನಿ ಹಾಕಿದಳು. ಕಣ್ಣು ಉರಿಯಿತು. ಆ ಪರೀಕ್ಷೆಯ ದಿನದ ಬಗ್ಗೆ ಕೇಳಬೇಕು ಎಂದುಕೊಂಡಿದ್ದೆ, ಕಣ್ಣು ಮುಚ್ಚಿಕೊಂಡೇ ಕೇಳಿದೆ.

“ಪಾಸ್ ಆದ್ನಿರಿ,” ಎಂದಳು. “ಉಪಾಸ ಇದ್ದದ್ದು ನೆನಪ ಐತಿ. ನಿಮ್ಮನ್ನ ಬೈದದ್ದೂ ನೆನಪ ಐತಿ.”

ಮರಳುವಾಗ ಬಸ್ಸಿಗೆ ಹತ್ತಿದೆ. ಗಾಳಿ ಬೆನ್ನಿಗಿದ್ದರೂ ಕಾಲುಗಳು ಮುಗಿದಿದ್ದವು. ಅದೇ ಗಾಡಿ ಎರಡನೇ ಸುತ್ತು ಬಂದಿತ್ತು. ಕಂಡಕ್ಟರ್ ಏನೂ ಕೇಳದೆ ಸೈಕಲ್ಲನ್ನು ಹಿಂದಿನ ಸೀಟಿನ ಬದಿಗೆ ಮಲಗಿಸಿದ. ನಾನು ಎಡಗಡೆಯ ಮೊದಲ ಕಿಟಕಿಗೆ ಕೂತೆ, ಖಾಲಿ ಡಬ್ಬಿ ತೊಡೆಯ ಮೇಲೆ. ಈ ದಾರಿಯಲ್ಲಿ ನಾನು ಎಡಗಡೆ ಕೂತದ್ದೇ ಇರಲಿಲ್ಲ. ಜನ ಎಷ್ಟು ಹತ್ತಿರ ನಿಂತಿರುತ್ತಾರೆ ಎಂದು ಆಗ ತಿಳಿಯಿತು. ಬಸ್ಸಿನ ಅಂಚಿನಿಂದ ಒಂದು ಮೊಳ, ಎರಡು ಮೊಳ. ಒಬ್ಬ ಅಜ್ಜ ಕೋಲು ಎತ್ತಿದ, ಬಸ್ಸು ನಿಂತಿತು. ಒಬ್ಬಳು ಕೂಸು ಎತ್ತಿಕೊಂಡು ಓಡಿ ಬಂದಳು, ನಿಂತಿತು. ಬೇವಿನ ಗಿಡದ ಹತ್ತಿರ ನಾನು ಹೇಳುವ ಮೊದಲೇ ನಿಂತಿತು. ಈಗ ಆಕೆ ರಸ್ತೆಯ ಆಚೆ ಬದಿಯಿಂದ ದಾಟಿ ಬಂದಳು. ಕಿಟಕಿಯಿಂದ ಡಬ್ಬಿ ಕೊಟ್ಟೆ.

“ಉಂಡಳೇನ್ರಿ?”

“ನಾನ ಉಂಡೆನವಾ. ಎಣ್ಣೆಗಾಯಿ ಛಲೋ ಇತ್ತು.”

ಆಕೆಗೆ ಅರ್ಥವಾಗುವ ಮೊದಲು ಬಸ್ಸು ಹೊರಟಿತು.

ಮರುದಿನ ಗೇಟಿನಲ್ಲಿ ನಾನು ಹೊಸ ಡ್ರೈವರನನ್ನು ನಿಲ್ಲಿಸಿಕೊಂಡೆ. ಘಟಪ್ರಭಾ ದಾಟಿದ ಮೇಲೆ ಬೇವಿನ ಗಿಡದ ಕೆಳಗೆ ಒಬ್ಬಾಕಿ ಬುತ್ತಿ ಹಿಡಕೊಂಡು ನಿಂತಿರುತ್ತಾಳೆ, ಸ್ವಲ್ಪ ಎಡಕ್ಕೆ ನೋಡಪ್ಪಾ ಎಂದು ಹೇಳಿದೆ. ಅವನು ಮರ್ಯಾದೆಯಿಂದಲೇ ಹೇಳಿದ, “ಗೊತ್ತೈತ್ರಿ. ನಾ ದಿನಾ ನಿಂದ್ರಸತೇನಿ.” ನಾನು ಹೊತ್ತು ಬರೆದು ಗೇಟು ಎತ್ತಿದೆ.

ಆಮೇಲಿನ ಗುರುವಾರಗಳಲ್ಲಿ ಸೈಕಲ್ಲು ಮನೆಯಲ್ಲಿ ನಿಂತಿಲ್ಲ. ಹುಕ್ಕೇರಿ ಕಡೆಯ ಸ್ಟಾಪುಗಳನ್ನು ಮುಗಿಸಿದ್ದೇನೆ. ಪ್ರತಿಯೊಂದರಲ್ಲಿ ಇಳಿದು, ಪರಿಚಯದವರು ಸಿಕ್ಕರೆ, ನಾನು ಎಂದಾದರೂ ನಿಮ್ಮನ್ನು ಬಿಟ್ಟು ಹೋದೆನೇ ಎಂದು ಕೇಳುತ್ತೇನೆ, ಯಾಕೆ ಎಂದೂ ಹೇಳುತ್ತೇನೆ. ಕೆಲವರು ಇಲ್ಲ ಎನ್ನುತ್ತಾರೆ. ಇಬ್ಬರು ಹೌದು ಎಂದರು. ಅವರಲ್ಲಿ ಒಬ್ಬರು ಅವತ್ತು ಹತ್ತಿರದವರೊಬ್ಬರ ಮಣ್ಣಿಗೆ ಹೋಗುವುದು ತಪ್ಪಿತು ಎಂದರು. ನಾನೂ ಅವರ ಪಕ್ಕದಲ್ಲಿ ಕಟ್ಟೆಯ ಮೇಲೆ ಕೂತೆ. ಹೆಂಡತಿ ಇದೆಲ್ಲ ಯಾಕೆ ಬೇಕು, ಆದದ್ದು ಆಗಿಹೋಯಿತು ಎನ್ನುತ್ತಾಳೆ. ಬೆಳಿಗ್ಗೆ ಹನಿ ಹಾಕಿದ ಮೇಲೆಯೇ ಸೈಕಲ್ ಮುಟ್ಟಲು ಬಿಡುತ್ತಾಳೆ. ಮೂಡಲಗಿ ಕಡೆ ಇನ್ನೂ ಪೂರ್ತಿ ಬಾಕಿ ಇದೆ. ಆ ಕಡೆ ಹೋಗುವಾಗ ಗಾಳಿ ಬೆನ್ನಿಗೆ ಬರುತ್ತದೆ, ಬರುವಾಗ ಎದೆಗೆ.